ಊರ ಮನೆಗೆ ಇಂಟರ್ನೆಟ್: ಇರೋ ಫೋನ್ ಲೈನನ್ನೇ ಸರಿ ಮಾಡಿಸ್ಲಾ, ಕೇಬಲ್‌ನವರ ಹತ್ರ ಹಾಕಿಸ್ಲಾ?

ತೋಟದಮನೆ
ನಮಸ್ಕಾರ ಎಲ್ರಿಗೂ. ನಮ್ಮದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ, ಪೇಟೆಯಿಂದ ಸುಮಾರು 5 ಕಿಲೋಮೀಟ್ರು. ಅಪ್ಪಂಗೆ ಹುಷಾರಿಲ್ಲ ಅಂತ ಬೆಂಗಳೂರಿಂದ ಬಂದಿದೀನಿ, ಮಳೆಗಾಲ ಮುಗಿಯೋ ತನಕ ಇಲ್ಲಿಂದ್ಲೇ ಕೆಲ್ಸ, ಆಫೀಸಲ್ಲಿ ಒಪ್ಪಿದಾರೆ ಆದ್ರೆ ದಿನಾ ಎರಡು ವಿಡಿಯೋ ಮೀಟಿಂಗ್ ತಪ್ಪಿಸೋ ಹಾಗಿಲ್ಲ. ಮೊಬೈಲ್ ಸಿಗ್ನಲ್ ಅಂಗಳದ ತುದಿಲಿ ನಿಂತ್ರೆ ಮಾತ್ರ, ಈ ಮಳೇಲಿ ಅಲ್ಲಿ ನಿಲ್ಲೋದು ಹೇಗೆ.

ಮನೇಲಿ ಹಳೇ ಲ್ಯಾಂಡ್‌ಲೈನ್ ಇದೆ, ಅದರಲ್ಲೇ ಬ್ರಾಡ್‌ಬ್ಯಾಂಡೂ ಇದೆ. ಬಿಸಿಲಿದ್ದಾಗ ಹೇಗೋ ನಡೆಯುತ್ತೆ, ಮಳೆ ಹಿಡೀತು ಅಂದ್ರೆ ಮೋಡೆಮ್‌ನ ಡಿಎಸ್‌ಎಲ್ (ಫೋನ್ ತಂತಿ ಇಂಟರ್ನೆಟ್) ಲೈಟು ಮಿಣುಕೋಕೆ ಶುರು, ರಿಸೀವರ್ ಎತ್ತಿದ್ರೆ ಕಿವಿ ತುಂಬ ಕರಕರ ಸದ್ದು. ಕಂಪ್ಲೇಂಟ್ ಕೊಟ್ಟು ಎರಡು ವಾರ ಆಯ್ತು. ಇನ್ನೊಂದು ಕಡೆ ನಮ್ಮೂರ ಟಿವಿ ಕೇಬಲ್‌ನವರು 50 ಎಂಬಿಪಿಎಸ್ ಕೊಡ್ತೀನಿ ಅಂತಿದಾರೆ, ಕೆಳಗಿನ ಮನೆ ಹತ್ರ ಅವರ ಡಬ್ಬಿ ಇದೆ, ಅಲ್ಲಿಂದ ತೋಟದ ಮೇಲೆ 150 ಮೀಟರ್ ವೈರ್ ಎಳೀಬೇಕು.

ಅಪ್ಪ ಮಾತ್ರ ಲ್ಯಾಂಡ್‌ಲೈನ್ ತೆಗಿಸ್ಬೇಡ ಅಂತ ಕೂತಿದಾರೆ. ನೆಂಟರಿಷ್ಟರಿಗೆಲ್ಲ ಗೊತ್ತಿರೋದು ಅದೇ ನಂಬರು, ಹೋದ ವರ್ಷ ಮರ ಬಿದ್ದು ಎರಡು ದಿನ ಕರೆಂಟಿಲ್ದೆ ಇದ್ದಾಗ ಡಾಕ್ಟ್ರಿಗೆ ಫೋನ್ ಮಾಡೋಕೆ ಆಗಿದ್ದೂ ಅದರಿಂದ್ಲೇ. ಯಾವುದು ಒಳ್ಳೇದು ಅಂತ ತಿಳಿದವರು ಹೇಳಿ.

ಕಂಬದಮೇಲೆ
ತಂಗಿ, ನಾನು 18 ವರ್ಷದಿಂದ ಲೈನ್ ಕೆಲಸದಲ್ಲೇ ಇದೀನಿ, ತಾಮ್ರನೂ ಎಳೆದಿದೀನಿ, ಬೆಳಕು ಹರಿಯೋ ಗಾಜಿನ ಎಳೆ ಫೈಬರೂ ಎಳೆದಿದೀನಿ. ಕೇಬಲ್ಲಾ ಫೋನಾ ಅಂತ ಕೇಳೋದಕ್ಕಿಂತ ಮನೆ ಬಾಗಿಲಿಗೆ ಬರೋ ವೈರ್ ಯಾವ್ದು ಅಂತ ಕೇಳಿ, ಅದರ ಮೇಲೇ ಎಲ್ಲ ನಿಂತಿರೋದು.

ಫೋನ್ ಲೈನಿನ ಬ್ರಾಡ್‌ಬ್ಯಾಂಡ್ ಅಂದ್ರೆ ಒಂದು ಜೋಡಿ ತಾಮ್ರದ ತಂತಿ, ಎಕ್ಸ್‌ಚೇಂಜಿಂದ ದೂರ ಹೋದಷ್ಟೂ ಸಿಗ್ನಲ್ ಸೋರಿ ಹೋಗುತ್ತೆ. ಅದರಲ್ಲೇ ಎಡಿಎಸ್‌ಎಲ್2 ಪ್ಲಸ್ ಅನ್ನೋ ಬಗೇಲಿ 24 ಎಂಬಿಪಿಎಸ್ ಅಂತ ಹೇಳೋದು ಎಕ್ಸ್‌ಚೇಂಜ್ ಪಕ್ಕದ ಮನೆಗೆ, 4-5 ಕಿಲೋಮೀಟ್ರು ದಾಟಿದ್ರೆ 2 ಬಂದ್ರೂ ದೊಡ್ಡದು. ಅದಕ್ಕಿಂತ ಮುಖ್ಯ ಅಪ್‌ಲೋಡು. ಆ ತಂತಿಲಿ ಅಪ್‌ಲೋಡ್ ಹೆಚ್ಚೂಕಮ್ಮಿ 1 ಎಂಬಿಪಿಎಸ್ ದಾಟಲ್ಲ, ನಿಮ್ಮ ದೂರಕ್ಕೆ ಅದರ ಅರ್ಧನೂ ಇರಲ್ಲ. ಮೀಟಿಂಗಲ್ಲಿ ನಿಮಗೆ ಅವರು ಕಾಣ್ತಾರೆ, ಅವರಿಗೆ ನೀವು ಕಾಣಲ್ಲ, ಕೇಳಲ್ಲ, ಕಾರಣ ಇದೇ.

ಕರಕರ ಸದ್ದು ಅಂದ್ರಲ್ಲ, ಅದು ಎಲ್ಲೋ ಜಾಯಿಂಟ್ ಒಳಗೆ ನೀರಿಳಿದಿರೋದು. ಮೋಡೆಮ್ ಬದಲಾಯಿಸಿದ್ರೆ ಸರಿ ಹೋಗೋದಲ್ಲ. ಬ್ರೌಸರಲ್ಲಿ 192.168.1.1 ಹೊಡೆದು ಒಳಗೆ ಹೋಗಿ ಲೈನ್ ಅಟೆನ್ಯುಯೇಷನ್ (ದಾರಿಲಿ ಸಿಗ್ನಲ್ ಎಷ್ಟು ಸೋರುತ್ತೆ ಅನ್ನೋ ಲೆಕ್ಕ, ಕಮ್ಮಿ ಇದ್ದಷ್ಟೂ ಒಳ್ಳೇದು) ಮತ್ತೆ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದು, ಜಾಸ್ತಿ ಇದ್ದಷ್ಟೂ ಒಳ್ಳೇದು) ಎಷ್ಟು ಡಿಬಿ ಇದೆ ಬರೀರಿ.

ಸಾಗರದಅಕ್ಕ
ಕೇಬಲ್‌ನವರ ವೈರ್ ಏನು ಅಂತ ನೋಡಿಯೇ ಹಾಕಿಸಿ ಅಂತ ನಾನೂ ಹೇಳ್ತೀನಿ. ನಮ್ಮನೆಗೆ ಮೊದ್ಲು ಹಾಕಿದ್ದು ಲ್ಯಾನ್ ಕೇಬಲ್ಲು, ಕಂಪ್ಯೂಟರಿಗೆ ಚುಚ್ಚೋ ತಾಮ್ರದ ವೈರು, ನೀಲಿ ಬಣ್ಣದ್ದು, ಹಲಸಿನ ಮರದಿಂದ ಅಡಿಕೆ ಮರಕ್ಕೆ ಕಟ್ಟಿ ತಂದಿದ್ರು. ಏಪ್ರಿಲ್‌ನಲ್ಲಿ ಮೊದಲನೇ ಗುಡುಗು ಮಳೆಗೇ ರೌಟರ್ ಸುಟ್ಟು ಅದರ ಜೊತೆ ಮಗನ ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟೂ ಹೋಯ್ತು, ಸಿಡಿಲು ನಮ್ಮನೆಗೆ ಬಿದ್ದಿರಲೇ ಇಲ್ಲ, ಎಲ್ಲೋ ದೂರದಲ್ಲಿ ಬಿದ್ದಿದ್ದು ವೈರ್ ಹಿಡಿದು ಬಂತು. ಅವತ್ತು ನಾನು ಅಡುಗೆಮನೇಲಿದ್ದೆ, ಚಟ್ ಅಂತ ಸದ್ದಾಗಿ ಸುಟ್ಟ ವಾಸನೆ ಬಂತು, ಮಗ ಕೈ ಇಟ್ಟಿದ್ದಿದ್ರೆ ಏನು ಗತಿ ಅಂತ ಈಗ್ಲೂ ಎದೆ ಝಲ್ ಅನ್ನುತ್ತೆ. ಆಮೇಲೆ ಹಠ ಹಿಡಿದು ಫೈಬರ್ ಹಾಕಿಸ್ದೆ, ಮೂರು ಮಳೆಗಾಲ ಆಯ್ತು, ಒಂದ್ಸಲ ಮಂಗ ಜೋತಾಡಿ ವೈರ್ ತುಂಡಾಗಿದ್ದು ಬಿಟ್ರೆ ತೊಂದ್ರೆ ಇಲ್ಲ.

ದೂರದೂರು
ನಾನು ನ್ಯೂಜೆರ್ಸಿಲಿರೋದು, ಒಂದು ಮಾತು. ನೆಟ್ಟಲ್ಲಿ ಕೇಬಲ್ ವರ್ಸಸ್ ಡಿಎಸ್‌ಎಲ್ ಅಂತ ಹುಡುಕಿದ್ರೆ ಸಿಗೋದೆಲ್ಲ ಹೆಚ್ಚಾಗಿ ಅಮೆರಿಕದ ಲೆಕ್ಕ, ಇಲ್ಲಿ ಕೇಬಲ್ ಅಂದ್ರೆ ಟಿವಿಯ ಅದೇ ದಪ್ಪ ವೈರಲ್ಲೇ ಕೇಬಲ್ ಮೋಡೆಮ್ ಹಾಕಿ ಕೊಡೋದು, ಬೀದಿಯವರೆಲ್ಲ ಅದನ್ನೇ ಹಂಚ್ಕೊಳ್ಳೋದ್ರಿಂದ ಸಂಜೆ ಹೊತ್ತು ನಿಧಾನ ಆಗೋದುಂಟು. ನಮ್ಮೂರ ಕೇಬಲ್‌ನವರು ಕೊಡೋದು ಹೆಚ್ಚಾಗಿ ಲ್ಯಾನ್ ಇಲ್ಲಾ ಫೈಬರ್, ಹಾಗಾಗಿ ಅದನ್ನ ಓದಿ ನಮ್ಮೂರಿಗೆ ಹೋಲಿಸ್ಬೇಡಿ. ಫೋನ್ ತಂತಿ ಕಾಲ ಅಮೆರಿಕದಲ್ಲೂ ಮುಗೀತಾ ಬಂದಿದೆ, ಇಲ್ಲಿನ ದೊಡ್ಡ ಫೋನ್ ಕಂಪನಿ ಎಟಿ ಅಂಡ್ ಟಿ 2020ರ ಅಕ್ಟೋಬರಿಂದ ಹೊಸ ಡಿಎಸ್‌ಎಲ್ ಕೊಡೋದನ್ನೇ ನಿಲ್ಸಿಬಿಡ್ತು.

ತೋಟದಮನೆ
ನೋಡ್ದೆ ಅಣ್ಣ. ಅಟೆನ್ಯುಯೇಷನ್ 62, ಎಸ್‌ಎನ್‌ಆರ್ 5, ಮಳೆ ಬಂದಾಗ 2ಕ್ಕೆ ಇಳಿದು ಕಟ್ ಆಯ್ತು. ಕೇಬಲ್‌ನವರನ್ನ ಕೇಳ್ದೆ, ಲ್ಯಾನೇ ಎಳೀತೀನಿ, ನಡುವೆ ಒಂದು ಸ್ವಿಚ್ (ಸಿಗ್ನಲನ್ನ ಮುಂದಕ್ಕೆ ದಾಟಿಸೋ ಡಬ್ಬಿ) ಇಟ್ರೆ ಆಗುತ್ತೆ, ಫೈಬರ್ ಆದ್ರೆ ಜಾಸ್ತಿ ದುಡ್ಡು ಅಂದ್ರು.

ಕಂಬದಮೇಲೆ
62 ಡಿಬಿ ಅಂದ್ರೆ ತಂತಿ ಹೊಸದಾಗಿ ಎಳೆದ್ರೂ ನಿಮ್ಮ ಮೀಟಿಂಗ್ ನಡೆಯಲ್ಲ ತಂಗಿ, ಆ ಆಸೆ ಬಿಡಿ. 6ಕ್ಕಿಂತ ಕೆಳಗಿನ ಎಸ್‌ಎನ್‌ಆರ್ ಲೈನು ನಿಲ್ಲೋದೇ ಕಷ್ಟ.

ಲ್ಯಾನ್ ಒಪ್ಕೋಬೇಡಿ. ಅದರ ಮಿತಿ 100 ಮೀಟರು, ಅದಕ್ಕೇ ಅವರು ನಡುವೆ ಸ್ವಿಚ್ ಅಂತಿರೋದು. ತೋಟದ ಮಧ್ಯ ಆ ಸ್ವಿಚ್ಚಿಗೆ ಕರೆಂಟ್ ಎಲ್ಲಿಂದ ಕೊಡ್ತಾರೆ? ಮಳೇಲಿ ಅದೂ ಕೆಡುತ್ತೆ, ಸಿಡಿಲಿನ ಕಥೆ ಅಕ್ಕ ಹೇಳಿದಾರೆ. ಈ ವಿಷಯದಲ್ಲಿ ಫೈಬರ್ ತುಂಬ ಒಳ್ಳೇದು, ಅವರ ಆಫೀಸಿನ ಮಶೀನು ಒಂದು ತುದಿ, ನಿಮ್ಮನೆ ಡಬ್ಬಿ ಇನ್ನೊಂದು ತುದಿ, ದಾರಿಲಿ ಬೆಳಕನ್ನ ಮನೆಮನೆಗೆ ಹಂಚೋ ಸ್ಪ್ಲಿಟರಿಗೆ ಕರೆಂಟೇ ಬೇಡ. ಹಾಗಾಗಿ ಎರಡು ತುದಿಲಿ ಬ್ಯಾಟರಿ ಇದ್ರೆ ಸಾಕು. ಅವರ ಆಫೀಸಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತೆ ಅಂತ ಕೇಳಿ, ನಿಮ್ಮ ಕಡೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇಟ್ಕೊಳ್ಳಿ. ಗಾಜಿನ ಎಳೆಲಿ ಸಿಡಿಲು ಹರಿಯಲ್ಲ, ಆದ್ರೆ ಕೆಲವು ವೈರಲ್ಲಿ ಬಿಗಿ ನಿಲ್ಲೋಕೆ ಅಂತ ಪಕ್ಕದಲ್ಲೊಂದು ಸ್ಟೀಲ್ ತಂತಿ ಇರುತ್ತೆ, ಅದನ್ನ ಹೊರಗಡೆ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸೋಕೆ ಹೇಳಿ, ಮನೆ ಒಳಗೆ ತರಿಸ್ಬೇಡಿ. ಹಾಕಿ ಹೋಗೋವಾಗ ಮೀಟರ್ ಇಟ್ಟು ಮನೆಗೆ ಬರೋ ಬೆಳಕಿನ ಪವರ್ ತೋರ್ಸಿ ಅನ್ನಿ, ಮೈನಸ್ 25 ಡಿಬಿಎಂ ಒಳಗಿರ್ಲಿ (ಸೊನ್ನೆ ಕಡೆಗಿರ್ಲಿ), ಮೈನಸ್ 27 ದಾಟಿದ್ರೆ ಯಾವತ್ತಾದ್ರೂ ತೊಂದ್ರೆ ಕೊಡುತ್ತೆ.

ಅಪ್ಪನ ಫೋನ್ ವಿಷಯ. ಬಿಎಸ್‌ಎನ್‌ಎಲ್ ಫೈಬರ್ ಈಗ ಎಷ್ಟೋ ಕಡೆ ಊರ ಕೇಬಲ್‌ನವರ ಕೈಲೇ ಕೊಡಿಸ್ತಾರೆ, ಅದಕ್ಕೆ ಹೋದ್ರೆ ಹಳೇ ನಂಬರನ್ನೇ ಫೈಬರಿಗೆ ತರ್ಬಹುದು. ಆದ್ರೆ ಆಗ ಫೋನೂ ಮನೆ ಕರೆಂಟ್ ಮೇಲೇ ನಿಲ್ಲುತ್ತೆ. ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ್ಲೇ ಕರೆಂಟ್ ಬರುತ್ತೆ, ಎರಡು ದಿನ ಕತ್ತಲಲ್ಲೂ ಅದು ಕೆಲಸ ಮಾಡಿದ್ದು ಅದಕ್ಕೇ. ನಿಮ್ಮ ತಂದೆ ಹೇಳೋದು ಸರಿ ಇದೆ. ಬ್ರಾಡ್‌ಬ್ಯಾಂಡ್ ಮಾತ್ರ ನಿಲ್ಸಿ, ಫೋನ್ ಇರ್ಲಿ, ಜಾಯಿಂಟ್ ಕಂಪ್ಲೇಂಟ್ ಬಿಡ್ಬೇಡಿ.

ತೋಟದಮನೆ
ಅಣ್ಣ, ಅಕ್ಕ, ತುಂಬಾ ಥ್ಯಾಂಕ್ಸ್. ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ ಅಂತ ಫೈಬರೇ ಹಾಕಿಸ್ದೆ. ಇಬ್ಬರು ಹುಡುಗ್ರು ಬಂದು ಕಾಲಿಗೆ ಇಂಬಳ ಹತ್ತಿಸ್ಕೊಂಡು ಇಡೀ ಮಧ್ಯಾಹ್ನ ತೋಟದಲ್ಲಿ ಎಳೆದ್ರು, ಅಮ್ಮ ಕಾಫಿ ಕೊಟ್ಟು ಉಪ್ಪು ತಂದಿಟ್ರು. ಮೀಟರಲ್ಲಿ ಮೈನಸ್ 21 ಬಂತು. ಸ್ಟೀಲ್ ತಂತಿ ಸೂರಿನ ಹೊರಗೇ ಕಟ್ ಮಾಡ್ಸಿದೀನಿ.

ಇವತ್ತು ಬೆಳಿಗ್ಗೆಯಿಂದ ಕರೆಂಟಿಲ್ಲ, ಚಿಕ್ಕ ಯುಪಿಎಸ್ ಮೇಲೆ ಒಂದು ಮೀಟಿಂಗ್ ಪೂರ್ತಿ ಮುಗಿಸ್ದೆ. ಫೋನಿನ ಜಾಯಿಂಟೂ ಸಿಕ್ತು, ಸೇತುವೆ ಹತ್ರ ಇತ್ತಂತೆ, ಲೈನ್‌ಮ್ಯಾನ್ ಬಂದು ಸರಿ ಮಾಡಿ ಹೋದ್ರು, ಅಪ್ಪ ಆಗ್ಲಿಂದ ರಿಸೀವರ್ ಎತ್ತಿ ಎತ್ತಿ ಡಯಲ್ ಟೋನ್ ಕೇಳ್ತಾ ಇದಾರೆ.