ಸಹಾಯ ಬೇಕು: ಯಹೂದಿ ಹೆಂಗಸರ ಕೂಟಕ್ಕೆ ಏನು ತಗೊಂಡು ಹೋಗಲಿ?

ಎಲ್ಲರಿಗೂ ನಮಸ್ಕಾರ. ನಾವು ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿದ್ದೇವೆ. ಪಕ್ಕದ ಮನೆಯ ಯಹೂದಿ ಆಂಟಿ ಭಾನುವಾರ ಹೆಂಗಸರ ಕೂಟಕ್ಕೆ ಕರೆದಿದ್ದಾರೆ. 90 ದಾಟಿದ ಅಜ್ಜಿಯೊಬ್ಬರು ಅಲ್ಲಿ ತಮ್ಮ ಕಥೆ ಹೇಳುತ್ತಾರೆ. 1939ರಲ್ಲಿ ವಿಯೆನ್ನಾದಿಂದ ಕಿಂಡರ್‌ಟ್ರಾನ್ಸ್‌ಪೋರ್ಟ್ ರೈಲಿನಲ್ಲಿ ಬಂದವರು. ನಾಜಿಗಳಿಂದ ತಪ್ಪಿಸಿ ಹೀಗೆ ಸುಮಾರು 10,000 ಮಕ್ಕಳನ್ನು ಬ್ರಿಟನ್‌ಗೆ ಕರೆತಂದರು. ಅಪ್ಪ ಅಮ್ಮ ಜೊತೆಗೆ ಬರುವ ಹಾಗಿರಲಿಲ್ಲ.

ಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಮೂಲಕ 25 ಪದ ಮೀರದ ಕಾಗದ ಕಳಿಸಬಹುದಿತ್ತು. ಅಮ್ಮನ ಅಂಥ ಒಂದು ಕಾಗದವನ್ನು ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಮೊನ್ನೆ ತೋರಿಸಿದರು. ಮಡಿಕೆ ಬಿದ್ದ ಕಡೆ ಅಕ್ಷರ ಮಾಸಿದೆ. ನನಗೆ ಮಾತೇ ಹೊರಡಲಿಲ್ಲ.

ಬರಿಗೈಯಲ್ಲಿ ಹೇಗೆ ಹೋಗೋದು, ಅಲ್ವಾ? ಕೋಸಂಬರಿ ಮಾಡೋಣ ಅಂದುಕೊಂಡೆ. ಆದರೆ ಅವರೆಲ್ಲ ಕೋಷರ್ (ಯಹೂದಿ ಧರ್ಮದ ಆಹಾರ ನಿಯಮ) ಪಾಲಿಸುವವರು, ನಮ್ಮ ಅಡುಗೆಮನೆಯಲ್ಲಿ ಮಾಡಿದ್ದು ತಿನ್ನುವುದಿಲ್ಲ. ನಮ್ಮಜ್ಜಿಯ ಮಡಿ ನೋಡಿ ಬೆಳೆದವಳು ನಾನು, ಇದು ಚೆನ್ನಾಗಿ ಅರ್ಥವಾಗುತ್ತದೆ. ಹೆಚ್ಚದ ಹಣ್ಣು, ಹೂವು ಸಾಕಾ? ಕೋಷರ್ ಮುದ್ರೆ ಇರುವ ಬಿಸ್ಕತ್ತು ಕೊಳ್ಳಲಾ? ಕಥೆ ಮುಗಿದ ಮೇಲೆ ಪ್ರಶ್ನೆ ಕೇಳಬಹುದಾ, ಸುಮ್ನೆ ಕೂತಿರಬೇಕಾ? ಆ ಅಜ್ಜಿಗೆ ನೋವಾಗಬಾರದು, ಅಷ್ಟೇ. ಇಂಥ ಕೂಟಕ್ಕೆ ಹೋದವರಿದ್ದರೆ ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ. ಶನಿವಾರ ಇಲ್ಲಿ ಕೋಷರ್ ಅಂಗಡಿಗಳು ಮುಚ್ಚಿರುತ್ತವೆ.