ಮರು: ‘ಹೋಲ್ಡ್ ಅಪ್’ಗೆ ಕನ್ನಡದಲ್ಲಿ ಏನು? ಹಳೇ ಸೈ-ಫೈ ಎಪಿಸೋಡುಗಳ ಪೋಸ್ಟರಿಗೆ ಬೇಕು (ತುರ್ತು)

> ನಾಳೆ ಮಧ್ಯಾಹ್ನದೊಳಗೆ ಪೋಸ್ಟರ್ ಅಚ್ಚಿಗೆ ಹೋಗಬೇಕು. ಸ್ಟಾರ್ ಟ್ರೆಕ್, ಟ್ವೈಲೈಟ್ ಝೋನ್, ಡಾಕ್ಟರ್ ಹೂ, ಈ ಮೂರೂ ಸೈ-ಫೈ (ವಿಜ್ಞಾನ ಕಥೆ) ಟಿವಿ ಸರಣಿಗಳಿಂದ ಕೆಲವು ಹಳೇ ಎಪಿಸೋಡು ತೋರಿಸಿ, ‘ಡಸ್ ಇಟ್ ಹೋಲ್ಡ್ ಅಪ್?’ ಅಂತ ಚರ್ಚೆ ಇಟ್ಟಿದ್ದೇವೆ. ಕನ್ನಡದಲ್ಲಿ ಒಂದು ಸಾಲು ಬೇಕು. ‘ಇಂದಿಗೂ ಪ್ರಸ್ತುತವೇ?’ ಅಂತ ಹಾಕಿದ್ದೇನೆ. ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಗೆಳೆಯರೇ,

ನಿಮ್ಮ ಮನಸ್ಸು ಒಪ್ಪದೇ ಇದ್ದದ್ದು ಸರಿಯಾಗಿಯೇ ಇದೆ. ‘ಇಂದಿಗೂ ತಾಳಿಕೆ ಬಂದಿವೆಯೇ?’ ಅಂತ ಹಾಕಿ. ಅವಸರ ಇದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಉಳಿದದ್ದು ನಿನ್ನೆಯಿಂದ ಇಲ್ಲಿ ಬಂದ ಸಲಹೆಗಳಿಗೆ ನನ್ನ ಉತ್ತರ.

‘ಹೋಲ್ಡ್ ಅಪ್’ ಕೇಳುವುದು ಇಷ್ಟು ವರ್ಷದ ಮೇಲೂ ಕಥೆ ಗಟ್ಟಿಯಾಗಿ ನಿಂತಿದೆಯೇ ಅಂತ. ‘ಪ್ರಸ್ತುತ’ ಬೇರೆಯೇ ಪ್ರಶ್ನೆ ಕೇಳುತ್ತದೆ. ವಿಷಯ ಇವತ್ತಿಗೆ ಸಂಬಂಧಪಟ್ಟಿದೆಯೇ ಎಂಬುದು ಆ ಪ್ರಶ್ನೆ. 1969ರ ಜನವರಿಯಲ್ಲಿ ಬಂದ ಸ್ಟಾರ್ ಟ್ರೆಕ್‌ನ ‘ಲೆಟ್ ದಟ್ ಬಿ ಯುವರ್ ಲಾಸ್ಟ್ ಬ್ಯಾಟಲ್‌ಫೀಲ್ಡ್’ ತೆಗೆದುಕೊಳ್ಳಿ. ಒಬ್ಬನ ಮುಖ ಬಲಗಡೆ ಕಪ್ಪು, ಎಡಗಡೆ ಬಿಳಿ. ಇನ್ನೊಬ್ಬನದು ಅದರ ತಿರುವುಮುರುವು. ಅಷ್ಟಕ್ಕೇ ಅವರ ಲೋಕವೇ ಸುಟ್ಟುಹೋಗಿದೆ. ವಿಷಯ ಪ್ರಸ್ತುತವೇ? ಹೌದು, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಅಭಿಮಾನಿಗಳು ಜಗಳವಾಡುವುದು ಅದಕ್ಕಲ್ಲ. ಪಾಠ ಹೇಳುವ ಭರದಲ್ಲಿ ಕಥೆ ಸೊರಗಿತೇ, ಓಡುವ ದೃಶ್ಯಗಳನ್ನು ಸುಮ್ನೆ ಎಳೆದರೇ ಅಂತ. ನನ್ನ ಮಟ್ಟಿಗೆ ಅದು ಅರ್ಧ ತಾಳಿದೆ. ಇಬ್ಬರಲ್ಲಿ ಮೊದಲನೆಯವನಾದ ಬೀಲ್ ತನ್ನ ಬಲಗೆನ್ನೆ ತೋರಿಸಿ, ಅವನು ಬಲಕ್ಕೆ ಬಿಳಿ, ನಾನು ಬಲಕ್ಕೆ ಕಪ್ಪು, ಕಾಣುವುದಿಲ್ಲವೇ ಅಂತ ಕೇಳುವ ಗಳಿಗೆ ಇವತ್ತಿಗೂ ಎದೆಗೆ ತಾಕುತ್ತದೆ. ಅದರ ನಂತರದ ಹತ್ತು ನಿಮಿಷ ತಾಕುವುದಿಲ್ಲ.

ಇದರ ಎದುರಿಗೆ 1967ರ ಡಿಸೆಂಬರಿನ ‘ದ ಟ್ರಬಲ್ ವಿತ್ ಟ್ರಿಬಲ್ಸ್’ ಇಡಿ. ಮೆತ್ತನೆ ಪ್ರಾಣಿಗಳು ಬಾಹ್ಯಾಕಾಶ ಹಡಗು ತುಂಬ ಮರಿಹಾಕುವ ಕಥೆ. ಯಾವ ಸಮಸ್ಯೆಗೂ ಅದು ಪ್ರಸ್ತುತ ಅಲ್ಲ. ಆದರೂ ಹಡಗಿನ ಕ್ಯಾಪ್ಟನ್ ಕರ್ಕ್ ತಲೆಮೇಲೆ ಅವು ಸುರಿಯುವಾಗ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ನಗುತ್ತಾರೆ. ಪ್ರಸ್ತುತ ಆಗದೆಯೂ ಒಂದು ಕಥೆ ತಾಳಬಹುದು. ಹಾಗಾಗಿ ‘ಪ್ರಸ್ತುತ’ ಬಿಡಿ.

‘ಕಾಲಾತೀತ’ ಅಂದರು ನಮ್ಮ ಮೇಷ್ಟ್ರು. ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ, ಆದರೆ ಇದು ಆಗದು. ಈ ಕಥೆಗಳು ಕಾಲ ಮೀರಿದವಲ್ಲ, ಕಾಲದೊಳಗೇ ಮುಳುಗೆದ್ದವು. ಟ್ವೈಲೈಟ್ ಝೋನ್‌ನ ‘ದ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’ 1960ರ ಮಾರ್ಚಿನದು. ಕರೆಂಟು ಹೋದ ಒಂದು ಬೀದಿಯ ಜನ ಒಬ್ಬರನ್ನೊಬ್ಬರು ಅನುಮಾನಿಸಿ ಕೊನೆಗೆ ಗುಂಡು ಹಾರಿಸುತ್ತಾರೆ. ಪಕ್ಕದ ಮನೆಯವನು ಕಮ್ಯುನಿಸ್ಟನೇ ಅಂತ ಅಮೆರಿಕ ಹೆದರಿಕೊಂಡಿದ್ದ ಕಾಲದ ನೆರಳು ಪ್ರತಿ ಮಾತಿನಲ್ಲೂ ಇದೆ. ರಾಡ್ ಸರ್ಲಿಂಗ್ ಅದನ್ನು ಬರೆದದ್ದು ಆ ನೆರಳಿನಲ್ಲಿ ನಿಂತೇ. ಆ ಕಾಲವನ್ನು ಹೊತ್ತುಕೊಂಡೂ ಕಥೆ ಇನ್ನೂ ನಿಂತಿದೆಯೇ ಎಂಬುದು ನಮ್ಮ ಪ್ರಶ್ನೆ. ‘ಕಾಲಾತೀತ’ ಆ ಹೊರೆಯನ್ನೇ ಮರೆಸಿಬಿಡುತ್ತದೆ. ‘ತಾಳು’ ನೆನಪಿಸುತ್ತದೆ.

ಈಗ ಪದದ ಹುಟ್ಟು. ‘ತಾಳು ಅಂದರೆ ತಗ್ಗು, ಬಾಗು ಅಂತ ಹಳೆಯ ಅರ್ಥ, ಆದ್ದರಿಂದ ಇಲ್ಲಿ ಅದು ತಿರುಗುಬಾಣ’ ಎಂದು ಒಬ್ಬರು ಬರೆದಿದ್ದಾರೆ. ಪೂರಾ ತಪ್ಪು. ತಗ್ಗುವುದು ‘ತಾೞ್’, ಹಳಗನ್ನಡದ ೞಕಾರದ್ದು. ತಮಿಳಿನಲ್ಲಿ ಇಂದಿಗೂ ಆ ಅಕ್ಷರ ಬೇರೆಯಾಗಿಯೇ ಉಳಿದಿದೆ. ನಮ್ಮದು ‘ತಾಳ್’, ಬರೀ ಳಕಾರ. ಹಿಡಿ, ಹೊರು, ಸಹಿಸು ಎಂಬುದು ಅದರ ಅರ್ಥ. ರೂಪ ತಾಳು, ನಿಲುವು ತಾಳು, ನೋವು ತಾಳು, ತಾಳ್ಮೆ. ಎಲ್ಲ ಕಡೆ ಹಿಡಿದುಕೊಳ್ಳುವ ಭಾವವೇ ಇದೆ. ನಮ್ಮಲ್ಲಿ ೞ ಹೋಗಿ ಳ ಜೊತೆ ಸೇರಿಕೊಂಡ ಮೇಲೆ ಎರಡೂ ಒಂದೇ ಥರ ಕೇಳಿಸತೊಡಗಿದವು, ಅಷ್ಟೇ. ಇನ್ನೂ ಒಂದು ಮಾತು. ‘ಬಾಳು’ ಹಳಗನ್ನಡದಲ್ಲಿ ‘ಬಾೞ್’. ಅಂದರೆ ‘ತಾಳಿದವನು ಬಾಳಿಯಾನು’ ಎಂಬ ಗಾದೆಯ ಪ್ರಾಸ ಇಷ್ಟು ಚೆನ್ನಾಗಿ ಕೂರುವುದು ಆ ಎರಡು ಅಕ್ಷರ ಬೆರೆತ ಮೇಲೇ. ಹಳೆಯ ಅಕ್ಷರ ನೋಡದೆ ಕಿವಿಗೆ ಕೇಳಿಸಿದ್ದನ್ನೇ ಹಿಡಿದು ಮೂಲ ಹೇಳುವ ಅಭ್ಯಾಸವನ್ನು ಈ ಗುಂಪು ಬಿಡಬೇಕು. ಇದನ್ನು ಮೊದಲೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

‘ತಾಳಿಕೆ, ಬಾಳಿಕೆ ಎಲ್ಲ ಬಟ್ಟೆ, ಚಪ್ಪಲಿ, ಪಾತ್ರೆ ಅಂಗಡಿಯ ಮಾತು, ಕಲೆಗೆ ಒಗ್ಗುವುದಿಲ್ಲ’ ಎಂಬ ಆಕ್ಷೇಪ ಬಂದಿದೆ. ಯಾಕೆ ಒಗ್ಗಬಾರದು? ಅಂಗಡಿಯಲ್ಲಿ ಕೇಳುವುದೂ ಇದನ್ನೇ. ಬಳಸಿದ ಮೇಲೂ ನಿಲ್ಲುತ್ತದೆಯೇ ಅಂತ. ಕಲೆಗೆ ಅಂತ ಬೇರೆ ಮಡಿಬಟ್ಟೆ ಉಡಿಸಿದ ಪದ ಬೇಕು ಎಂಬ ಹಟದಿಂದಲೇ ನಮ್ಮ ವಿಮರ್ಶೆ ಓದುಗರಿಂದ ದೂರ ಹೋಗಿದೆ. ಬಾಳಿಕೆಗೂ ತಾಳಿಕೆಗೂ ನಾನು ಕಾಣುವ ವ್ಯತ್ಯಾಸ ಹೇಳುತ್ತೇನೆ. ಬಾಳಿಕೆಯಲ್ಲಿ ಎಷ್ಟು ದಿನ ಎಂಬುದು ಮುಖ್ಯ. ತಾಳಿಕೆಯಲ್ಲಿ ಎಷ್ಟು ಭಾರ ಎಂಬುದು ಮುಖ್ಯ. ನಮಗೆ ಎರಡನೆಯದು ಬೇಕು.

ಆದರೆ ‘ತಾಳಿಲ್ಲ’ ಅನ್ನಬೇಕಾದಾಗ ಎಲ್ಲದಕ್ಕೂ ಒಂದೇ ಪದ ಬಳಸಬೇಡಿ. ನಿಮ್ಮ ಕರಪತ್ರದ ಕರಡಿನಲ್ಲಿ ಎಲ್ಲ ಕಡೆ ‘ಹಳಸಿದೆ’ ಎಂದಿದೆ. ಇದು ನನಗೆ ಪೋಸ್ಟರಿನ ಸಾಲಿಗಿಂತ ಜಾಸ್ತಿ ಕಳವಳ ತಂದಿತು.

1975ರ ಡಾಕ್ಟರ್ ಹೂ ಕಥೆ ‘ದಿ ಆರ್ಕ್ ಇನ್ ಸ್ಪೇಸ್’ನಲ್ಲಿ ಒಬ್ಬ ಮನುಷ್ಯ ನಿಧಾನಕ್ಕೆ ಹುಳುವಾಗುತ್ತಾನೆ. ಆ ಕೈಗೆ ಸುತ್ತಿದ್ದು ಹಸಿರು ಬಣ್ಣ ಬಳಿದ ಬಬಲ್ ರ‍್ಯಾಪ್. ಇವತ್ತು ಯಾರಿಗಾದರೂ ಗೊತ್ತಾಗುತ್ತದೆ. ಅದು ಹಳತಾಗಿದೆ, ಹಳಸಿಲ್ಲ. ನಟ ಆ ಕೈಯನ್ನು ಜೇಬಿನೊಳಗೆ ಬಚ್ಚಿಡಲು ಪಡುವ ಪಾಡು ನೋಡುವಾಗ ಬಬಲ್ ರ‍್ಯಾಪ್ ಮರೆತುಹೋಗುತ್ತದೆ. ಹಳತಾದದ್ದಕ್ಕೆ ಮದ್ದೂ ಉಂಟು. ಸ್ಟಾರ್ ಟ್ರೆಕ್‌ಗೆ 2006ರಿಂದ ಹಡಗು, ಗ್ರಹಗಳ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ ಸೇರಿಸಿದರು. ಅದರಿಂದ ಒಂದೇ ಒಂದು ಕೆಟ್ಟ ಕಥೆ ಒಳ್ಳೆಯದಾಗಲಿಲ್ಲ. ‘ಸ್ಪಾಕ್ಸ್ ಬ್ರೇನ್’ ಹೊಸ ಗ್ರಹದ ಜೊತೆಗೂ ಅದೇ ‘ಸ್ಪಾಕ್ಸ್ ಬ್ರೇನ್’. ‘ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ಗೆ ಆ ಮದ್ದು ಬೇಕಾಗಿಯೇ ಇರಲಿಲ್ಲ. ತಾನು ಪ್ರೀತಿಸಿದ ಎಡಿತ್ ಕೀಲರ್ ರಸ್ತೆ ದಾಟುವಾಗ ಕರ್ಕ್, ಅವಳನ್ನು ಉಳಿಸಹೊರಟ ಹಡಗಿನ ವೈದ್ಯ ಮ್ಯಾಕಾಯ್‌ನನ್ನು ತಡೆದು ಹಿಡಿಯುತ್ತಾನಲ್ಲ, ಅಲ್ಲಿ ಯಾವ ತಂತ್ರಜ್ಞಾನವೂ ಇಲ್ಲ. ಒಬ್ಬ ನಟನ ಮುಖ ಇದೆ, ಅಷ್ಟೇ.

ಈಗ ಕಷ್ಟದ ಭಾಗ. 1977ರ ಡಾಕ್ಟರ್ ಹೂ ಕಥೆ ‘ದ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’. ಮಾತು, ಮಂಜು ಮುಸುಕಿದ ವಿಕ್ಟೋರಿಯಾ ಕಾಲದ ಲಂಡನ್ನು, ಡಾಕ್ಟರ್ ಪಾತ್ರದಲ್ಲಿ ಟಾಮ್ ಬೇಕರ್‌ನ ಅಭಿನಯ, ಎಲ್ಲವನ್ನೂ ಅಭಿಮಾನಿಗಳು ದಶಕಗಳಿಂದ ಮೆಚ್ಚಿದ್ದಾರೆ. ನಾನೂ ಮೆಚ್ಚುತ್ತೇನೆ. ಆದರೆ ಚೀನೀ ಮಾಂತ್ರಿಕನ ಪಾತ್ರಕ್ಕೆ ಇಂಗ್ಲಿಷ್ ನಟನಿಗೆ ಬಣ್ಣ ಬಳಿದು, ಕಣ್ಣು ಕಿರಿದು ಮಾಡಿ ನಿಲ್ಲಿಸಿದ್ದಾರೆ. ಚೀನೀಯರೆಂದರೆ ಅಫೀಮು, ಕೊಲೆ, ಒಳಸಂಚು ಎಂಬಂತೆ ಕಥೆ ಕಟ್ಟಿದ್ದಾರೆ. ನಿಮ್ಮ ಕರಪತ್ರ ಇದಕ್ಕೂ ‘ಹಳಸಿದೆ’ ಅನ್ನುತ್ತದೆ. ಹಳಸುವುದು ಯಾವುದು? ಬೆಳಿಗ್ಗೆ ಚೆನ್ನಾಗಿದ್ದದ್ದು ಸಂಜೆಗೆ ಕೆಡುವುದು. ಇದು ಬೆಳಿಗ್ಗೆಯೂ ಚೆನ್ನಾಗಿರಲಿಲ್ಲ. 1980ರಲ್ಲೇ ಕೆನಡಾದ ಟಿವಿ ಒಂಟಾರಿಯೊ, ಅಲ್ಲಿನ ಚೀನೀ ಮೂಲದವರ ಆಕ್ಷೇಪಕ್ಕೆ ಕಿವಿಗೊಟ್ಟು ಇದನ್ನು ಪ್ರಸಾರ ಮಾಡಲಿಲ್ಲ. ನೋಯುವವರಿಗೆ ಆಗಲೇ ನೋವಾಗಿತ್ತು. ‘ಹಳಸಿದೆ’ ಅಂದರೆ ತಪ್ಪನ್ನು ಮಾಡಿದವರ ಮೇಲಿಂದ ತೆಗೆದು ಕಾಲದ ಮೇಲೆ ಹಾಕಿದ ಹಾಗೆ. ‘ಆಗಲೂ ತಪ್ಪು, ಈಗಲೂ ತಪ್ಪು’ ಅಂತ ನೇರವಾಗಿ ಬರೆಯಿರಿ.

ಮೂಲ ಸ್ಟಾರ್ ಟ್ರೆಕ್ ಸರಣಿಯ ಕೊನೆಯ ಎಪಿಸೋಡು, 1969ರ ಜೂನ್ 3ರ ‘ಟರ್ನ್‌ಅಬೌಟ್ ಇಂಟ್ರೂಡರ್’ಗೂ ಇದೇ ಮಾತು. ಹೆಂಗಸರಿಗೆ ಕ್ಯಾಪ್ಟನ್ ಹುದ್ದೆ ಇಲ್ಲ ಅಂತ ಅಲ್ಲೊಬ್ಬಳು ಹೇಳುತ್ತಾಳೆ, ಕಥೆ ಅವಳನ್ನು ಹುಚ್ಚಿಯಾಗಿ ತೋರಿಸುತ್ತದೆ. ‘ಆ ಕಾಲವೇ ಹಾಗಿತ್ತು’ ಅನ್ನುವವರಿಗೆ ನನ್ನ ಉತ್ತರ ಅದೇ ಸರಣಿಯಲ್ಲಿದೆ. ಮೊದಲು ತಯಾರಾದ ಪೈಲಟ್, ಅಂದರೆ ಮಾದರಿ ಎಪಿಸೋಡು, ‘ದ ಕೇಜ್’ನಲ್ಲಿ ಹಡಗಿನ ಎರಡನೇ ಅಧಿಕಾರಿಯೇ ಹೆಂಗಸು. ಅಂದರೆ ಬೇರೆ ಥರ ಯೋಚಿಸುವುದು ಆ ಕಾಲದಲ್ಲೂ ಸಾಧ್ಯವಿತ್ತು.

‘ಉಳಿದಿವೆಯೇ’ ಎಂಬ ಸಲಹೆಗೆ ಬೇರೆಯೇ ಅಡ್ಡಿ ಇದೆ. ಈ ಮೂರರಲ್ಲಿ ಒಂದಕ್ಕೆ ‘ಉಳಿ’ ಎಂಬುದು ನಿಜಕ್ಕೂ ಬದುಕು-ಸಾವಿನ ಪದ. 60, 70ರ ದಶಕದಲ್ಲಿ ಬಿಬಿಸಿ ತನ್ನ ಹಳೇ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಡಾಕ್ಟರ್ ಹೂನ ಮೊದಲ ವರ್ಷಗಳ ಎಷ್ಟೋ ಕಂತು ಹಾಗೆ ಹೋದವು. ವಿದೇಶಕ್ಕೆ ಮಾರಲು ಮಾಡಿದ 16 ಮಿ.ಮೀ. ಫಿಲ್ಮ್ ಪ್ರತಿಗಳಿಂದ ಕೆಲವು ಬದುಕಿವೆ. ನೈಜೀರಿಯಾದಲ್ಲಿ ಸಿಕ್ಕ 9 ಕಂತುಗಳ ಸುದ್ದಿ 2013ರಲ್ಲಿ ಹೊರಬಿತ್ತು. ಕಳೆದುಹೋದವುಗಳ ಧ್ವನಿ ಮಾತ್ರ ಇದೆ. ಮನೆಯಲ್ಲಿ ಟಿವಿ ಮುಂದೆ ಕೂತು ರೆಕಾರ್ಡ್ ಮಾಡಿಕೊಂಡ ಅಭಿಮಾನಿಗಳ ಪುಣ್ಯ ಅದು. ಸ್ಟಾರ್ ಟ್ರೆಕ್ 35 ಮಿ.ಮೀ. ಫಿಲ್ಮಿನಲ್ಲಿ ತೆಗೆದದ್ದು, ಆದ್ದರಿಂದ ಇವತ್ತು ನೋಡಲು ಫಳಫಳ ಅನ್ನುತ್ತದೆ. ಟ್ವೈಲೈಟ್ ಝೋನ್‌ನ ಎರಡನೇ ಸೀಸನ್ನಿನಲ್ಲಿ ಖರ್ಚು ಉಳಿಸಲು 6 ಎಪಿಸೋಡು ವಿಡಿಯೋ ಟೇಪಿನಲ್ಲಿ ಮಾಡಿದರು. ಅವು ಮಿಕ್ಕವುಗಳ ಪಕ್ಕದಲ್ಲಿ ಮಂಕಾಗಿ ಕಾಣುತ್ತವೆ. ಉಳಿಯುವುದು ಡಬ್ಬಿಯ ವಿಷಯ, ತಾಳುವುದು ಕಥೆಯ ವಿಷಯ. ಬೆರೆಸಬೇಡಿ.

ಕಂತೋ, ಸಂಚಿಕೆಯೋ? ಎರಡಕ್ಕೂ ಜಾಗ ಇದೆ. ಡಾಕ್ಟರ್ ಹೂ ಆಗ ಒಂದು ಕಥೆಯನ್ನು 25 ನಿಮಿಷದ ನಾಲ್ಕೋ ಆರೋ ತುಂಡು ಮಾಡಿ ವಾರವಾರ ತೋರಿಸುತ್ತಿತ್ತು. ಅದು ಅಪ್ಪಟ ಕಂತು. ಸ್ಟಾರ್ ಟ್ರೆಕ್‌ನದು ಹೆಚ್ಚೂಕಡಿಮೆ ಒಂದೊಂದೂ ಪೂರ್ತಿ ಕಥೆ, ಸಂಚಿಕೆ ಅಥವಾ ಎಪಿಸೋಡು ಅನ್ನಿ. ಪೋಸ್ಟರಿನಲ್ಲಿ ಎಪಿಸೋಡು ಸಾಕು, ಎಲ್ಲರಿಗೂ ಗೊತ್ತು.

ಕೊನೆಗೆ ‘ಅರಿಮೆಗತೆ’, ಅಂದರೆ ವಿಜ್ಞಾನ ಕಥೆಗೆ ಅಚ್ಚಗನ್ನಡದ ಹೆಸರು. ಸೈ-ಫೈ ಬಿಟ್ಟು ಅದನ್ನೇ ಹಾಕಿ, ಸಂಸ್ಕೃತವೂ ಬೇಡ ಇಂಗ್ಲಿಷೂ ಬೇಡ ಎಂದು ಬರೆದ ಗೆಳೆಯರಿಗೆ ಇದು. ನಾನು ‘ತಾಳು’ ಹಿಡಿದದ್ದನ್ನು ನೋಡಿ ನಿಮ್ಮ ಕಡೆ ಅಂತ ಲೆಕ್ಕ ಹಾಕಬೇಡಿ. ಅದು ಅಚ್ಚಗನ್ನಡ ಅಂತ ನಾನು ಆರಿಸಿಲ್ಲ, ಕೂರುತ್ತದೆ ಅಂತ ಆರಿಸಿದೆ. ಕೂರುವ ಪದ ಸಂಸ್ಕೃತದಿಂದ ಬಂದರೂ ಬಿಡುವುದಿಲ್ಲ. ಅದಕ್ಕೆ ಸಾಕ್ಷಿ ನೀವು ಕನ್ನಡಿಸಿದ ಹೆಸರುಗಳ ಪಟ್ಟಿಯಲ್ಲೇ ಇದೆ. 1962ರ ಟ್ವೈಲೈಟ್ ಝೋನ್ ಕಥೆ ‘ಟು ಸರ್ವ್ ಮ್ಯಾನ್’. ಒಂಬತ್ತು ಅಡಿ ಎತ್ತರದ ಕನಾಮಿಟರು ಭೂಮಿಗೆ ಬಂದು ಹಸಿವು ನೀಗಿಸುತ್ತಾರೆ, ಯುದ್ಧ ನಿಲ್ಲಿಸುತ್ತಾರೆ. ವಿಶ್ವಸಂಸ್ಥೆಯಲ್ಲಿ ಒಂದು ಪುಸ್ತಕ ಬಿಟ್ಟು ಹೋಗುತ್ತಾರೆ. ಅದರ ಹೆಸರನ್ನು ಬಿಡಿಸಿದವರು ಮನುಷ್ಯರ ಸೇವೆಯ ಪುಸ್ತಕ ಅಂದುಕೊಳ್ಳುತ್ತಾರೆ. ಕೊನೆಗೆ ನೋಡಿದರೆ ಅದು ಅಡುಗೆ ಪುಸ್ತಕ. ಇಂಗ್ಲಿಷಿನ ‘ಸರ್ವ್’ಗೆ ಸೇವೆ ಮಾಡು, ಊಟಕ್ಕೆ ಬಡಿಸು ಎಂಬ ಎರಡೂ ಅರ್ಥ ಇದೆಯಲ್ಲ.

ಇದನ್ನು ನೀವು ‘ಬಡಿಸು’ ಹಾಕಿ ಕನ್ನಡಿಸಿದ್ದೀರಿ. ಆಗ ವಿಭಕ್ತಿಯೇ ಗುಟ್ಟು ಬಿಟ್ಟುಕೊಡುತ್ತದೆ. ಮನುಷ್ಯರಿಗೆ ಬಡಿಸಿದರೆ ಉಪಚಾರ, ಮನುಷ್ಯರನ್ನು ಬಡಿಸಿದರೆ ಊಟ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ‘ಸೇವಿಸು’ ಹಾಕಿ ನೋಡಿ. ಗುರುಹಿರಿಯರನ್ನು ಸೇವಿಸುತ್ತೇವೆ, ಆಹಾರವನ್ನೂ ಸೇವಿಸುತ್ತೇವೆ. ಎರಡಕ್ಕೂ ಅದೇ ದ್ವಿತೀಯೆ. ‘ಮನುಜರನ್ನು ಸೇವಿಸಲು’. ಮೊದಲ ಓದಿಗೆ ಭಕ್ತಿ, ಕೊನೆಯ ಓದಿಗೆ ಭಯ. ‘ಸೇವನೆ’ ಮಾತ್ರ ಹಾಕಬೇಡಿ, ಮದ್ಯ ಸೇವನೆ, ಔಷಧ ಸೇವನೆ ಕೇಳಿದ ಕಿವಿಗೆ ಅದು ಮೊದಲೇ ಸುಳಿವು ಕೊಡುತ್ತದೆ. ಬೇರೆ ಲೋಕದ ಭಾಷೆಯಲ್ಲಿ ಇಂಗ್ಲಿಷಿನದೇ ಶ್ಲೇಷೆ ಹೇಗೆ ಬಂತು, ಆದ್ದರಿಂದ ಈ ಕಥೆ ತಾಳುವುದಿಲ್ಲ ಎಂದು ಅಭಿಮಾನಿಗಳಲ್ಲಿ ಹಳೇ ತಕರಾರಿದೆ. ಒಂದಕ್ಕೊಂದು ಕೇಳದೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅದೇ ಶ್ಲೇಷೆ ಇರುವುದಾದರೆ, ಕನಾಮಿಟರ ಭಾಷೆಯಲ್ಲೂ ಯಾಕಿರಬಾರದು? ಅಚ್ಚಗನ್ನಡದ ಹಟದಲ್ಲಿ ‘ಸೇವಿಸು’ವನ್ನು ಹೊರಗಿಟ್ಟಿದ್ದರೆ ಈ ಉತ್ತರ ನಮಗೆ ಸಿಗುತ್ತಲೇ ಇರಲಿಲ್ಲ. ಅರಿಮೆ ಒಳ್ಳೆಯ ಪದವೇ. ಪುಸ್ತಕದಲ್ಲಿ ಬಳಸಿ, ಓದುಗರನ್ನು ಒಗ್ಗಿಸಿ. ನಾಳೆ ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ ಬೇಡ.

ಪೋಸ್ಟರಿಗೆ ಹೀಗಿರಲಿ:

ಹಳೇ ಸೈ-ಫೈ ಎಪಿಸೋಡುಗಳು
ಇಂದಿಗೂ ತಾಳಿಕೆ ಬಂದಿವೆಯೇ?

ಡಿಸೈನ್ ಮಾಡುವವರಿಗೆ ಒಂದು ಮಾತು ಹೇಳಿಬಿಡಿ. ‘ತಾಳಿಕೆ’ಯನ್ನು ಎರಡು ಸಾಲಿಗೆ ಒಡೆಯಬಾರದು. ಒಡೆದರೆ ದೂರದಿಂದ ಓದುವವರಿಗೆ ಮದುವೆ ಪೋಸ್ಟರ್ ಅನ್ನಿಸುತ್ತದೆ. ಕರಪತ್ರದ ತಿದ್ದಿದ ಕರಡು ಇವತ್ತು ರಾತ್ರಿ ಕಳಿಸಿದರೆ ಮಲಗುವ ಮುಂಚೆ ನೋಡಿ ವಾಪಸ್ ಕಳಿಸುತ್ತೇನೆ.