ಹೊಸ ಮನೆಗೆ ಬ್ಲೈಂಡ್ಸ್: 75 ಚದರಡಿ ಕಿಟಕಿಗೆ 26 ಸಾವಿರದ ಕೊಟೇಶನ್ ಬಂದಿದ್ದು ಹೇಗೆ? [ಪರಿಹಾರ ಸಿಕ್ಕಿದೆ]

ಹೊಸಿಲು_ಮೈಸೂರು:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿ ಮುಗಿಸಿದ್ದೇವೆ. ಗೃಹಪ್ರವೇಶವೂ ಆಯ್ತು. ಕಿಟಕಿಗಳಿಗೆ ಮಾತ್ರ ಇನ್ನೂ ಏನೂ ಹಾಕಿಲ್ಲ, ಸದ್ಯಕ್ಕೆ ಹಳೇ ಬೆಡ್‌ಶೀಟ್ ಕಟ್ಟಿದ್ದೇವೆ. ಬ್ಲೈಂಡ್ಸ್‌ಗೆ ಅಂತ 12-13 ಸಾವಿರ ಎತ್ತಿಟ್ಟಿದ್ದೆ. ಅಂಗಡಿಯವರು ಬಂದು ಅಳತೆ ತೆಗೆದು, ಎಲ್ಲ ಕಿಟಕಿಗೂ ಝೀಬ್ರಾ ಬ್ಲೈಂಡ್ (ಒಂದು ದಟ್ಟ, ಒಂದು ತೆಳು ಪಟ್ಟಿ ಇರುವ ಬಟ್ಟೆಯದು) ಅಂತ ಬರೆದು, 25,980 ರೂಪಾಯಿ ಕೊಟೇಶನ್ ಕೊಟ್ಟಿದ್ದಾರೆ. ಜಿಎಸ್‌ಟಿ ಬೇರೆ. ದರ ಚದರಡಿಗೆ 180, ಫಿಟಿಂಗ್ ಒಂದಕ್ಕೆ 250.

ಹಾಲ್ ಕಿಟಕಿ 6×4 ಅಡಿ, ಪೂರ್ವಕ್ಕಿದೆ, ಎದುರಿಗೇ ರಸ್ತೆ. ದೊಡ್ಡ ಬೆಡ್‌ರೂಮಿನದು 5×4, ಪಶ್ಚಿಮಕ್ಕೆ. ಚಿಕ್ಕ ಬೆಡ್‌ರೂಮಿನದು 4×4, ಉತ್ತರಕ್ಕೆ. ಅಡುಗೆಮನೆಯದು 3×3, ಅದರ ಕೆಳಗೇ ಒಲೆ. ಬಾತ್‌ರೂಮಿನ ವೆಂಟಿಲೇಟರ್ ಎರಡು, ಒಂದೊಂದೂ 2×1.5.

ಒಟ್ಟು 75 ಚದರಡಿ ಆಗುತ್ತದೆ. 180ರಂತೆ 13,500 ಆಗಬೇಕಲ್ವಾ? ಹತ್ತಿರಹತ್ತಿರ ಎರಡರಷ್ಟು ಹೇಗಾಯ್ತು? ಎಲ್ಲಿ ಉಳಿಸಬಹುದು ಅಂತ ತಿಳಿದವರು ಹೇಳಿ. ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ, ಮಧ್ಯಾಹ್ನ ದೊಡ್ಡ ಬೆಡ್‌ರೂಮಿನಲ್ಲೇ ಮಲಗುತ್ತದೆ.

ರಸಮಟ್ಟ:
ಹೊಸ ಮನೆಗೆ ಅಭಿನಂದನೆ. ನಾನು ಫಿಟಿಂಗ್ ಕೆಲಸ ಮಾಡುವವನು. ಕೊಟೇಶನ್‌ನಲ್ಲಿ ಮೋಸ ಇಲ್ಲ, ಅದರ ಲೆಕ್ಕವೇ ಬೇರೆ. ಎರಡು ವಿಷಯ ನೋಡಿ.

ನೀವು ಅಳೆದದ್ದು ಕಿಟಕಿಯನ್ನು, ಅವರು ಬರೆದದ್ದು ಬ್ಲೈಂಡನ್ನು. ಗೋಡೆಯ ಮೇಲೆ ಕೂರಿಸುವ ಬ್ಲೈಂಡ್ ಕಿಟಕಿಗಿಂತ ದೊಡ್ಡದಿರಬೇಕು. ಅಕ್ಕಪಕ್ಕ, ಮೇಲೆ ಕೆಳಗೆ 3-4 ಇಂಚು ಜಾಸ್ತಿ ಬಿಟ್ಟು, ಆಮೇಲೆ ಲೆಕ್ಕಕ್ಕೆ ಮೇಲಿನ ಅರ್ಧ ಅಡಿಗೆ ಏರಿಸುತ್ತಾರೆ. ಹಾಗಾಗಿ ನಿಮ್ಮ 6×4 ಅವರ ಪುಸ್ತಕದಲ್ಲಿ 7×5, ಅಂದರೆ 35 ಚದರಡಿ. ಬೆಡ್‌ರೂಮುಗಳು 30 ಮತ್ತು 25. ಅಡುಗೆಮನೆ 16.

ಇನ್ನೊಂದು, ಕನಿಷ್ಠ ಅಳತೆ. ಎಷ್ಟೇ ಚಿಕ್ಕ ಬ್ಲೈಂಡ್ ಮಾಡಿಸಿದರೂ ಇಷ್ಟು ಚದರಡಿಯ ದುಡ್ಡು ಕೊಡಬೇಕು ಅಂತ ಎಷ್ಟೋ ಅಂಗಡಿಗಳಲ್ಲಿ ಇರುತ್ತದೆ. ನಿಮ್ಮವರು 15 ಹಿಡಿದ ಹಾಗಿದೆ. 3 ಚದರಡಿಯ ವೆಂಟಿಲೇಟರ್ 15 ಆಯ್ತು, ಎರಡಕ್ಕೆ 30. ಎಲ್ಲ ಕೂಡಿದರೆ 136 ಚದರಡಿ, 180ರಂತೆ 24,480. ಆರು ಫಿಟಿಂಗ್‌ಗೆ 1,500. ಸರಿಯಾಗಿ 25,980 ಬಂತು ನೋಡಿ.

ವೆಂಟಿಲೇಟರ್ ಎರಡನ್ನೂ ಇವತ್ತೇ ಪಟ್ಟಿಯಿಂದ ತೆಗೆಸಿ. ಅಲ್ಲಿಗೆ ಫಿಟಿಂಗ್ ಸೇರಿ 5,900 ಉಳಿಯಿತು. ಬಾತ್‌ರೂಮಿಗೆ ಮಬ್ಬುಗಾಜಿನ ಥರ ಕಾಣುವ ಅಂಟು ಫಿಲ್ಮ್ ಸಾಕು. ಒಲೆಯ ಮೇಲಿನ ಕಿಟಕಿಗೆ ಬಟ್ಟೆಯ ಬ್ಲೈಂಡ್ ಬೇಡವೇ ಬೇಡ. ಒಗ್ಗರಣೆಯ ಜಿಡ್ಡು ಕೂತರೆ ಹೋಗುವುದಿಲ್ಲ, ಬೆಂಕಿಯ ಭಯ ಬೇರೆ. ಅಲ್ಲಿಯೂ ಕೆಳಗಿನ ಅರ್ಧಕ್ಕೆ ಫಿಲ್ಮ್ ಹಾಕಿ.

ಇನ್ನು ಇಡೀ ಮನೆಗೆ ಒಂದೇ ಜಾತಿ ಯಾಕೆ? ಪ್ರತಿ ಕಿಟಕಿಗೂ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಯಾರಿಗೆ ಏನು ಕಾಣಬಾರದು, ಅಷ್ಟು ಕೇಳಿಕೊಳ್ಳಿ. ಹಾಲ್‌ಗೆ ಝೀಬ್ರಾ ಒಳ್ಳೆಯ ಆಯ್ಕೆ. ಪಟ್ಟಿಗಳನ್ನು ಹೊಂದಿಸಿಕೊಂಡರೆ ಹಗಲು ಬೆಳಕೂ ಬರುತ್ತದೆ, ರಸ್ತೆಯವರಿಗೆ ಒಳಗಿನದು ಅಷ್ಟಾಗಿ ಕಾಣುವುದೂ ಇಲ್ಲ. ಪಶ್ಚಿಮದ ಬೆಡ್‌ರೂಮಿಗೆ ಝೀಬ್ರಾ ಹಾಕಬೇಡಿ. ಪೂರ್ತಿ ಮುಚ್ಚಿದರೂ ಪಟ್ಟಿಗಳ ಸಂದಿಯಲ್ಲಿ ಬೆಳಕು ಗೆರೆಗೆರೆಯಾಗಿ ಬರುತ್ತದೆ, ಮಗು ಮಲಗಲ್ಲ. ಅಲ್ಲಿ ಬ್ಲ್ಯಾಕ್‌ಔಟ್ ರೋಲರ್ ಬೇಕು, ಅಂದರೆ ಬೆಳಕು ದಾಟದ ಬಟ್ಟೆ ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಬ್ಲೈಂಡ್. ಝೀಬ್ರಾಗಿಂತ ಅದರ ದರವೂ ಸಾಮಾನ್ಯವಾಗಿ ಕಡಿಮೆ, ಕೇಳಿ ನೋಡಿ. ಉತ್ತರದ ಕಿಟಕಿಗೆ ಒಂದು ರಾಡ್, ಒಂದು ಜೊತೆ ಹತ್ತಿ ಕರ್ಟನ್ ಸಾಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮೈಸೂರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಆದರೆ ಅಷ್ಟು ಎತ್ತರದ ಬಿಸಿಲನ್ನು ಸಜ್ಜಾ ತಡೆಯುತ್ತದೆ.

ಹೊಸಿಲು_ಮೈಸೂರು:
ತುಂಬಾ ಧನ್ಯವಾದ ಸರ್, ಲೆಕ್ಕ ಈಗ ಅರ್ಥ ಆಯ್ತು. ಫೋನ್ ಮಾಡಿ ಕೇಳಿದೆ, ಬ್ಲ್ಯಾಕ್‌ಔಟ್ ರೋಲರ್‌ಗೆ ಚದರಡಿಗೆ 130 ಅಂದರು. ಹಾಲ್‌ಗೆ 6,300, ಬೆಡ್‌ರೂಮಿಗೆ 3,900, ಫಿಟಿಂಗ್ 500, ಒಟ್ಟು 10,700 ಆಗುತ್ತದೆ. ಗೋಡೆಯ ಮೇಲೆ ಬೇಡ, ಕಿಟಕಿಯ ಚೌಕಟ್ಟಿನ ಒಳಗೇ ಕೂರಿಸಿದರೆ ಇನ್ನೂ ಕಡಿಮೆ ಆಗಲ್ವಾ? ಹಾಲ್ ಕಿಟಕಿಯ ಗ್ರಿಲ್ ಒಳಗಡೆ ಇದೆ. ಬೆಡ್‌ರೂಮಿನದು ಸ್ಲೈಡಿಂಗ್, ಗ್ರಿಲ್ ಹೊರಗಿದೆ, ಒಳಗೆ 4 ಇಂಚು ಜಾಗ ಸಿಗುತ್ತದೆ.

ರಸಮಟ್ಟ:
ಆಗುತ್ತದೆ, ಆದರೆ ನಿಮಗೆ ಸರಿಹೋಗಲ್ಲ. ರೋಲರ್‌ನ ಬಟ್ಟೆ ಬ್ರಾಕೆಟ್‌ನಿಂದ ಬ್ರಾಕೆಟ್‌ವರೆಗೆ ಪೂರ್ತಿ ಇರಲ್ಲ, ಎರಡೂ ಕಡೆ ಸೇರಿ ಒಂದರಿಂದ ಒಂದೂವರೆ ಇಂಚು ಕಡಿಮೆ ಇರುತ್ತದೆ. ಒಳಗೆ ಕೂರಿಸಿದರೆ ಆ ಸಂದಿಯಲ್ಲಿ ಪಶ್ಚಿಮದ ಬಿಸಿಲು ಕೋಲು ಕೋಲಾಗಿ ಒಳಗೆ ಬೀಳುತ್ತದೆ. ಹಾಲ್‌ನಲ್ಲಂತೂ ಗ್ರಿಲ್ ಅಡ್ಡ ಇದೆ. ಹಾಲ್ ಗ್ರಿಲ್ ಗೋಡೆಗಿಂತ ಈಚೆಗೆ ಚಾಚಿಕೊಂಡಿದ್ದರೆ ಬ್ರಾಕೆಟ್ ಸ್ವಲ್ಪ ಮುಂದಕ್ಕೆ ಬರುವ ಹಾಗೆ ಕೂರಿಸಲು ಹೇಳಿ. ಬೆಡ್‌ರೂಮಿನ ಕಿಟಕಿಯ ಹಿಡಿ ಹಾಗೆ ಚಾಚಿಕೊಂಡಿದ್ದರೆ ರಿವರ್ಸ್ ರೋಲ್ ಕೇಳಿ. ಬಟ್ಟೆ ಕೊಳವೆಯ ಹಿಂದಿನಿಂದ ಇಳಿಯುವ ಬದಲು ಮುಂದಿನಿಂದ ಇಳಿಯುತ್ತದೆ, ಹಿಡಿಗೆ ತಾಗುವುದಿಲ್ಲ.

ಆರ್ಡರ್ ಕೊಡುವಾಗ ಕೊಳವೆಯ ದಪ್ಪ ಕೇಳಿ. 6-7 ಅಡಿ ಅಗಲಕ್ಕೆ ಸಣ್ಣ ಕೊಳವೆ ನಡುವೆ ಬಾಗಿ, ಬಟ್ಟೆಯಲ್ಲಿ ಓರೆ ಸುಕ್ಕು ಬೀಳುತ್ತದೆ. 38 ಮಿಲಿಮೀಟರ್‌ನದು ಹಾಕಿಸಿ. ಬ್ಲ್ಯಾಕ್‌ಔಟ್ ಅಂದಮಾತ್ರಕ್ಕೆ ನಂಬಬೇಡಿ. ತುಂಡು ಬಟ್ಟೆ ಇಸ್ಕೊಂಡು ಹಿಂದಿನಿಂದ ಮೊಬೈಲ್ ಟಾರ್ಚ್ ಒತ್ತಿ ಹಿಡಿಯಿರಿ. ಬೆಳಕಿನ ಚುಕ್ಕೆ ಕಂಡರೆ ಅದು ಬ್ಲ್ಯಾಕ್‌ಔಟ್ ಅಲ್ಲ. ಗಾಜಿನ ಕಡೆಯ ಮೈ ಬಿಳಿ ಇರಲಿ.

ಮಗುವಿನ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಎಳೆಯುವ ಚೈನು ಬಳೆಯ ಹಾಗೆ ಮುಚ್ಚಿಕೊಂಡ ಕುಣಿಕೆ. ಬೇರೆ ದೇಶಗಳಲ್ಲಿ ಇಂಥ ಕುಣಿಕೆಗೆ ಕುತ್ತಿಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಕಡ್ಡಾಯ ನಿಯಮಗಳೇ ಬಂದಿವೆ. ಚೈನನ್ನು ಬಿಗಿಯಾಗಿ ಗೋಡೆಗೆ ಹಿಡಿದಿಡುವ ಕ್ಲಿಪ್ ಸಿಗುತ್ತದೆ, ಅದನ್ನು ಹಾಕದೆ ಫಿಟಿಂಗ್‌ನವರನ್ನು ಕಳಿಸಬೇಡಿ. ಸ್ಪ್ರಿಂಗ್‌ನ ಚೈನಿಲ್ಲದ ಮಾದರಿ ಕೈಗೆಟುಕಿದರೆ ಬೆಡ್‌ರೂಮಿಗೆ ಅದೇ ಉತ್ತಮ. ತೊಟ್ಟಿಲು, ಮಂಚ, ಸೋಫಾ ಯಾವುದೂ ಚೈನಿನ ಪಕ್ಕ ಇರಬಾರದು.

ಬಿಸಿಲನಾಡು:
ಕಲಬುರಗಿಯಿಂದ ಬರೀತಿದ್ದೀನಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಪಶ್ಚಿಮದ ಕಿಟಕಿಗೆ ಒಳಗೆ ಏನೇ ಹಾಕಿದರೂ ಕಾವು ಪೂರ್ತಿ ನಿಲ್ಲಲ್ಲ ರೀ. ಬಿಸಿಲು ಗಾಜು ದಾಟಿ ಒಳಗೆ ಬಂದಾಯ್ತು, ಬ್ಲೈಂಡ್ ಬಿಸಿಯಾಗುತ್ತದೆ, ಆ ಬಿಸಿ ಕೋಣೆಗೇ ಬಿಡುತ್ತದೆ. ಸಂಜೆಯ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾ ಕೂಡ ತಡೆಯಲ್ಲ. ಗಾಜಿನ ಹೊರಗೇ ತಡೀಬೇಕು. ಹಿಂದೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರಲ್ಲ, ಅದೂ ಹೊರಗೇ. ಈಗ ಕೃಷಿ ಸಾಮಾನಿನ ಅಂಗಡಿಯಲ್ಲಿ ಶೇಡ್ ನೆಟ್ ಸಿಗುತ್ತದೆ, 50, 75, 90 ಶೇಕಡಾ ಬಿಸಿಲು ತಡೆಯುವುದು ಅಂತ. 75ರದು ತಂದು ಹೊರಗಿನ ಗ್ರಿಲ್‌ಗೆ ಕಟ್ಟಿ. ಗಾಳಿಯೂ ಆಡುತ್ತದೆ. ಮಳೆಗಾಲಕ್ಕೆ ಬಿಚ್ಚಿ ಮಡಚಿಡಿ. ಬಿದಿರಿನ ಚಿಕ್ (ಕಡ್ಡಿಯ ಪರದೆ) ಇದ್ದರೆ ನೋಡೋಕೂ ಚೆಂದ.

ಕಡಲಮನೆ:
ಉಡುಪಿ ಕಡೆಯವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಕಬ್ಬಿಣದ ಸ್ಕ್ರೂ, ಬ್ರಾಕೆಟ್ ನಮ್ಮ ಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ನೀವೇ ತಂದುಕೊಡಿ. ಮಳೆಗಾಲದಲ್ಲಿ ಹತ್ತಿಯ ರೋಮನ್ ಬ್ಲೈಂಡ್ (ಮಡಿಕೆ ಮಡಿಕೆಯಾಗಿ ಮೇಲೇರುವುದು) ಮಡಚಿಟ್ಟಲ್ಲೇ ಬೂಷ್ಟು ಹಿಡಿಯುತ್ತದೆ, ಬಿಸಿಲು ಕಂಡ ದಿನ ಪೂರ್ತಿ ಇಳಿಬಿಡಿ.

ಹೊಸಿಲು_ಮೈಸೂರು:
ಬ್ಲೈಂಡ್ಸ್ ಬಂತು, ಫಿಟ್ ಆಯ್ತು. ಶೇಡ್ ನೆಟ್ ಕೂಡ ಕಟ್ಟಿದ್ದೇವೆ, ಸಂಜೆ ಗಾಜು ಮುಟ್ಟಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಲಬುರಗಿಯವರಿಗೆ ವಿಶೇಷ ಧನ್ಯವಾದ. ಈಗ ಒಂದು ಹೊಸ ತೊಂದರೆ. ಬೆಡ್‌ರೂಮಿನ ರೋಲರ್ ಮೇಲೆ ಸುತ್ತುವಾಗ ಬಟ್ಟೆ ಎಡಕ್ಕೆ ಸರಿಯುತ್ತದೆ, ಅಂಚು ಬ್ರಾಕೆಟ್‌ಗೆ ಉಜ್ಜಿ ಎಳೆ ಬಿಡುತ್ತಿದೆ. ಬಲಗಡೆ ಬ್ರಾಕೆಟ್‌ಗೆ ತೂತು ಹಾಕುವಾಗ ಡ್ರಿಲ್ ಒಳಗೆ ಹೋಗಲೇ ಇಲ್ಲ ಅಂತ ಅವರು ಸ್ವಲ್ಪ ಜಾಗ ಬದಲಿಸಿದ್ದರು. ಅದಕ್ಕೇ ಹೀಗಾ?

ರಸಮಟ್ಟ:
ಇರಬಹುದು. ಅದು ಲಿಂಟಲ್ (ಕಿಟಕಿಯ ಮೇಲಿನ ತೊಲೆ) ಕಾಂಕ್ರೀಟ್, ಒಳಗೆ ಕಂಬಿ ಸಿಕ್ಕಿರುತ್ತದೆ. ಕಂಬಿ ಕೊರೆಯದೆ ಪಕ್ಕಕ್ಕೆ ಸರಿದದ್ದು ಸರಿಯೇ, ಆದರೆ ಸರಿಯುವಾಗ ಎತ್ತರ ತಪ್ಪಬಾರದಿತ್ತು. ಮೊದಲು ಕೊಳವೆಯ ಮೇಲೆ ರಸಮಟ್ಟ ಇಟ್ಟು ನೋಡಿ. ಗುಳ್ಳೆ ನಡುವೆ ನಿಲ್ಲದಿದ್ದರೆ ಬ್ರಾಕೆಟ್ ಸ್ಕ್ರೂ ಸಡಿಲಿಸಿ ಸಮ ಮಾಡಿ. ಉಜ್ಜುತ್ತಾ ಇರುವಾಗ ಎಳೆಯಬೇಡಿ, ಅಂಚು ಹಾಳಾದರೆ ಬಟ್ಟೆ ಬದಲಿಸಬೇಕಾಗುತ್ತದೆ.

ಮಟ್ಟ ಸರಿಯಿದ್ದೂ ಸರಿಯುತ್ತಿದ್ದರೆ, ಬ್ಲೈಂಡ್ ಪೂರ್ತಿ ಇಳಿಸಿ, ಕೊಳವೆ ಬರಿದಾಗಿ ಕಾಣಬೇಕು. ಎಡಕ್ಕೆ ಸರಿಯುತ್ತಿದೆ ಅಂದರೆ ಬಲ ತುದಿಯಲ್ಲಿ ಕೊಳವೆಗೆ ಎರಡು ಇಂಚು ಮಾಸ್ಕಿಂಗ್ ಟೇಪ್ ಅಂಟಿಸಿ. ಆ ತುದಿ ಕೂದಲೆಳೆಯಷ್ಟು ದಪ್ಪ ಆಗಿ ಬಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಸುತ್ತಿ ನೋಡಿ, ಸಾಲದಿದ್ದರೆ ಅದರ ಮೇಲೆ ಇನ್ನೊಂದು ಪದರ.

ಹೊಸಿಲು_ಮೈಸೂರು:
ಮಟ್ಟ ಸ್ವಲ್ಪ ತಪ್ಪಿತ್ತು, ಸರಿ ಮಾಡಿದೆ. ಇನ್ನೂ ಚೂರು ಸರಿಯುತ್ತಿತ್ತು, ಟೇಪ್ ಹಾಕಿದ ಮೇಲೆ ನೆಟ್ಟಗೆ ಸುತ್ತುತ್ತಿದೆ. ಚೈನಿಗೆ ಕ್ಲಿಪ್ ಹಾಕಿಸಿದ್ದೇನೆ. ತುಂಬು ಮನಸ್ಸಿನ ಧನ್ಯವಾದ ಸರ್.

ಬಾಡಿಗೆಮನೆ_ಹಾಸನ:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ಬಾಡಿಗೆ ಮನೆ, ಗೋಡೆಗೆ ತೂತು ಹಾಕೋ ಹಾಗಿಲ್ಲ. ಏನಾದರೂ ದಾರಿ ಇದೆಯಾ?

ರಸಮಟ್ಟ:
ಇದೆ. ಕಿಟಕಿಯ ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ತೂತು ಬೇಡ. ಹಗುರ ಕರ್ಟನ್ ಮಾತ್ರ ಹಾಕಿ, ಭಾರ ತಡೆಯಲ್ಲ. ಅಗಲ 4 ಅಡಿ ಒಳಗಿದ್ದರೆ ಚೆನ್ನಾಗಿ ನಿಲ್ಲುತ್ತದೆ. ನಿಮ್ಮ ಕಿಟಕಿಯ ಅಳತೆ ಮತ್ತು ದಿಕ್ಕು ಬರೆಯಿರಿ, ನೋಡೋಣ.